ಮೂರು ಸಲ ತಿರುಗಿ ಹೇಳಿದ ಮಾತು

ಚೆಂಬೂರು, ಮುಂಬಯಿ
೧೯ ಸೆಪ್ಟೆಂಬರ್ ೨೦೨೪, ಗುರುವಾರ ಮಧ್ಯಾಹ್ನ

ಪ್ರೀತಿಯ ಪ್ರಣೀತಾ,

ಹೇಗಿದ್ದೀ ಮಗಳೇ? ಹೋದ ಚಳಿಗಾಲದಲ್ಲಿ ಒಡೆದಿದ್ದ ಹಿಮ್ಮಡಿ ಈಗ ಸರಿಯಾಗಿದೆಯೇ? ನಾನು ಕಳಿಸಿದ ತೆಂಗಿನೆಣ್ಣೆ ಪಪ್ಪನ ಊರಿನ ಬೆಟ್ಟದ ಚಳಿಗೆ ಕಲ್ಲಾಗುತ್ತದೆ ಎಂದು ನೀನು ನಕ್ಕಿದ್ದೆ. ನಗು, ಬೇಡವೆನ್ನುವುದಿಲ್ಲ, ಆದರೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ ಹಚ್ಚಿಕೋ. ನಿನ್ನ ಚಿಕ್ಕಪ್ಪನ ಮೊಣಕಾಲು ನೋವು ಹೇಗಿದೆ? ನೀನು ಕಲಿಸುವ ಶಾಲೆಯ ಒಲೆಗೆ ಕಟ್ಟಿಗೆ ಬಂತೇ, ಅಥವಾ ಈ ವರ್ಷವೂ ಮಕ್ಕಳೇ ಮನೆಯಿಂದ ಒಂದೊಂದು ಕೊರಡು ಹೊತ್ತು ತರಬೇಕೇ? ನೀನು ಇದಕ್ಕೆಲ್ಲ ಉತ್ತರ ಬರೆಯುವವಳಲ್ಲ ಎಂದು ಗೊತ್ತು. ಆದರೂ ಕೇಳದೆ ಮುಂದಿನ ಸಾಲಿಗೆ ಹೋದರೆ ಅದು ಕಾಗದವೇ ಅಲ್ಲ ಅನ್ನಿಸುತ್ತದೆ. ನನ್ನ ಅಮ್ಮ ಊರಿಗೆ ಬರೆಯುವಾಗ ಮೊದಲು ದನಕರುಗಳ ಕ್ಷೇಮ ಕೇಳಿ, ಆಮೇಲೆ ಸಾವಿನ ಸುದ್ದಿ ಬರೆಯುತ್ತಿದ್ದರು. ಹೆದರಬೇಡ, ಇದರಲ್ಲಿ ಅಂಥದ್ದೇನೂ ಇಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಕ್ರಮ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ದಣಿದಿದ್ದೇನೆ. ಮಲಗಿ ಎದ್ದರೆ ಹೋಗುವ ದಣಿವಲ್ಲ ಇದು, ಎದ್ದ ಕೂಡಲೇ ನನಗಿಂತ ಮುಂಚೆ ಎದ್ದು ಕೂತಿರುತ್ತದೆ. ಬೆಳಿಗ್ಗೆ ನೀರು ಬರುವಷ್ಟರಲ್ಲಿ ನಿನ್ನ ಪಪ್ಪನನ್ನು ಎಬ್ಬಿಸಿ, ಒರೆಸಿ, ಬಟ್ಟೆ ಬದಲಿಸಿ, ಮಾತ್ರೆ ನುಂಗಿಸಿ, ಬಲಗೈಗೆ ಎಣ್ಣೆ ತಿಕ್ಕಿ ಮುಗಿಸುವ ಹೊತ್ತಿಗೆ ನನ್ನ ಸೊಂಟ ನನ್ನದಲ್ಲ. ಗಣಪತಿಯ ಹತ್ತು ದಿನ ಕೆಳಗೆ ಪೆಂಡಾಲಿನ ಸ್ಪೀಕರ್ ಬೇರೆ. ಮೊನ್ನೆ ವಿಸರ್ಜನೆಯಾಯಿತು. ಈಗ ಎಷ್ಟು ನಿಶ್ಶಬ್ದ ಅಂದರೆ ಪಕ್ಕದ ಮನೆಯ ಕುಕ್ಕರು ಎಷ್ಟು ಸೀಟಿ ಹಾಕಿತು ಎಂದು ಕೂಡ ಗೊತ್ತಾಗುತ್ತದೆ. ಪಪ್ಪ ಊಟ ಮಾಡಿ ಮಲಗಿದ್ದಾರೆ. ಈ ಹೊತ್ತು ಬಿಟ್ಟರೆ ನನಗೆ ಬೇರೆ ಹೊತ್ತಿಲ್ಲ. ಫೋನ್ ಮಾಡದೆ ಕಾಗದ ಯಾಕೆ ಅಂತ ನೀನು ಕೇಳಬಹುದು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಫೋನಿನಲ್ಲಿ ಏನು ಹೇಳಿದರೂ ಅವರ ಕಿವಿಯ ಪಕ್ಕದಲ್ಲೇ ಹೇಳಬೇಕು. ಅವರಿಗೆ ಎಷ್ಟು ಅರ್ಥವಾಗುತ್ತದೆ, ಎಷ್ಟು ಆಗುವುದಿಲ್ಲ ಎಂದು ಡಾಕ್ಟರರಿಗೂ ಗೊತ್ತಿಲ್ಲ. ನಿನಗಾದರೂ ನೆಟ್‌ವರ್ಕ್ ಬೇಕೆಂದರೆ ರಸ್ತೆಯ ತಿರುವಿನವರೆಗೆ ನಡೆದು ಬರಬೇಕು, ಬಂದ ಮೇಲೂ ಹ್ಞಾಂ ಅಮ್ಮ, ಹ್ಞಾಂ ಅಮ್ಮ ಎಂದು ಹೇಳಿ ಇಡುತ್ತೀ. ಕಾಗದಕ್ಕೆ ಹಾಗೆ ಹ್ಞಾಂ ಅನ್ನಲು ಬರುವುದಿಲ್ಲ. ನಿನಗೆ ಕನ್ನಡ ಓದುವುದು ನಿಧಾನ ಎಂದು ಅಕ್ಷರ ಬಿಡಿಸಿ ಬರೆಯುತ್ತಿದ್ದೇನೆ. ನಿನಗೆ ಅ ಆ ತಿದ್ದಿಸಿದವರು ಪಪ್ಪನೇ ಅಲ್ಲವೇ, ಹುಟ್ಟು ಕನ್ನಡದವಳಾದ ನಾನಲ್ಲ.

ಪಪ್ಪನ ವಿಷಯಕ್ಕೆ ಬರುತ್ತೇನೆ. ಮಾರ್ಚಿನಲ್ಲಿ ಸ್ಟ್ರೋಕ್ ಆದಾಗ ನೀನು ಬಂದು ನೋಡಿದ್ದೀ, ಆಗ ಬಾಯಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ನೀನು ಪರೀಕ್ಷೆಯೆಂದು ಶಾಲೆಗೆ ಮರಳಿದೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾತು ಬಂತು. ನಾನು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ ಬಂದೆ. ಆದರೆ ಬಂದದ್ದು ಕನ್ನಡವಲ್ಲ, ಹಿಂದಿಯಲ್ಲ, ಮರಾಠಿಯಲ್ಲ, ಇಂಗ್ಲಿಷೂ ಅಲ್ಲ. ಮೂವತ್ತು ವರ್ಷ ಹಿಂದಿ ಪತ್ರಿಕೆಯಲ್ಲಿ ವರದಿ ಬರೆದ, ನಮ್ಮ ಕನ್ನಡ ಪತ್ರಿಕೆಗೆ ವಾರ ವಾರ ಅಂಕಣ ಕೊಟ್ಟ, ಉರ್ದು ಮುಶಾಯಿರಾದಲ್ಲಿ ಕೂತು ವಾಹ್ ಅನ್ನಿಸಿಕೊಂಡ ಮನುಷ್ಯನ ನಾಲಿಗೆಯ ಮೇಲೆ ಈಗ ಉಳಿದಿರುವುದು ನಿನ್ನ ಅಜ್ಜಿ ಅವರಿಗೆ ತುತ್ತು ತಿನ್ನಿಸುವಾಗ ಆಡಿದ ಬೆಟ್ಟದ ಭಾಷೆಯೊಂದೇ. ಕೆಲವರಿಗೆ ಹೀಗಾಗುತ್ತದಂತೆ, ಕಲಿತ ಭಾಷೆಗಳು ಅಳಿಸಿ ಮೊದಲನೆಯದು ಉಳಿಯುವುದು. ಉಳಿದದ್ದು ಸಂತೋಷವೇ. ಆದರೆ ಈ ಮನೆಯಲ್ಲಿ ಅದು ಯಾರಿಗೆ ಬರುತ್ತದೆ? ನನಗೆ ಕಲಿಸಿ ಎಂದು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಅದಕ್ಕೆ ಅಕ್ಷರವಿಲ್ಲ, ಮುಂಬಯಿಯಲ್ಲಿ ಅದನ್ನು ಯಾರ ಜೊತೆ ಆಡುತ್ತೀ ಎಂದು ನಕ್ಕುಬಿಟ್ಟರು. ಆ ಭಾಷೆಯಲ್ಲಿ ಒಂದು ಪದ್ಯವನ್ನೂ ಅವರು ಬರೆಯಲಿಲ್ಲ. ಊರನ್ನೆಲ್ಲ ಬೇರೆಯವರ ಭಾಷೆಗಳಲ್ಲೇ ಬರೆದರು. ಆ ಮಾತು ನೀನೇ ಅವರ ಮುಖಕ್ಕೆ ಹೇಳಿ ಹೋದದ್ದು. ಈಗ ಅದನ್ನು ಕೆದಕುವುದಿಲ್ಲ.

ಹಗಲೆಲ್ಲ ಏನೇನೋ ಹೇಳುತ್ತಿರುತ್ತಾರೆ, ಅದು ಮಗು ತನ್ನಷ್ಟಕ್ಕೆ ಮಾತಾಡಿಕೊಂಡ ಹಾಗೆ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಮಾತು ಬರುತ್ತದೆ. ದಿನವೂ ಅದೇ ಮಾತು, ಅದೇ ಧಾಟಿ, ನನ್ನ ಮುಖ ನೋಡಿಯೇ ಹೇಳುತ್ತಾರೆ. ಉದ್ದದ ಮಾತು, ಕೊನೆಯಲ್ಲಿ ದನಿ ಸ್ವಲ್ಪ ಏರುತ್ತದೆ. ಹೇಳಿ ಕಾಯುತ್ತಾರೆ. ನಾನು ಹೋಟೆಲಿನವರ ಮಗಳು, ನಮ್ಮ ಬುದ್ಧಿ ಗೊತ್ತಲ್ಲ, ಯಾರು ಬಾಯಿ ತೆರೆದರೂ ಏನೋ ತಿನ್ನಲು ಕೇಳಿದರು ಎಂದೇ ಲೆಕ್ಕ. ಮೊದಲ ದಿನ ನೀರು ಕೊಟ್ಟೆ. ಮಾರನೆಯ ದಿನ ಚಹಾ. ಆಮೇಲೆ ನೀರ್‌ದೋಸೆ, ಗಂಜಿ, ಬಾಳೆಹಣ್ಣಿನ ಬನ್ಸ್, ಅವರಿಗೆ ಇಷ್ಟವೆಂದು ಬೆಣ್ಣೆ ಹಾಕಿದ ಉಪ್ಪು ಚಹಾ. ಅದನ್ನು ಮಾಡುವುದು ನನಗೆ ಈ ಜನ್ಮದಲ್ಲಿ ಬರಲಿಲ್ಲ, ಆದರೂ ಮಾಡಿದೆ. ಕೊಟ್ಟದ್ದನ್ನೆಲ್ಲ ಪಾಪ ತಿಂದರು. ತಿಂದು ಮುಗಿಸಿ ತಟ್ಟೆ ಪಕ್ಕಕ್ಕಿಟ್ಟು ಮತ್ತೆ ಅದೇ ಮಾತು. ಒಂದು ತಿಂಗಳಲ್ಲಿ ಸಕ್ಕರೆ ಏರಿತೆಂದು ಡಾಕ್ಟರರು ನನಗೆ ಬೈದರು. ಇದು ಹಸಿವಿನ ಮಾತಲ್ಲ ಎಂದು ನನ್ನ ತಲೆಗೆ ಹೋಗಲು ಅಷ್ಟು ದಿನ ಬೇಕಾಯಿತು.

ಆಮೇಲೆ ಇನ್ನೊಂದು ಪೆದ್ದುತನ ಮಾಡಿದೆ, ಕೇಳು. ನಮ್ಮ ಬಿಲ್ಡಿಂಗಿನ ಹೊಸ ವಾಚ್‌ಮನ್ ಟೇಕ್‌ಬಹಾದೂರ್ ನೇಪಾಳದವನು. ಬೆಟ್ಟದವನಲ್ಲವೇ, ಬೆಟ್ಟದ ಭಾಷೆ ಬರುತ್ತದೆ ಎಂದು ಅವನನ್ನು ಸಂಜೆ ಮೇಲೆ ಕರೆದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಪಪ್ಪನ ಕಾಲ ಬಳಿ ನೆಲದ ಮೇಲೆ ಕೂತ. ಪಪ್ಪ ಅವನ ಮುಖ ನೋಡಿದರು, ಕಣ್ಣು ಅರಳಿತು, ಗಡಗಡ ಹೇಳತೊಡಗಿದರು. ಅವನು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಮಾಫ್ ಕರನಾ ಭಾಭೀ, ಏಕ್ ಶಬ್ದ ಭೀ ನಹೀ ಸಮಝಾ. ಹಮಾರಾ ಪಹಾಡ್ ದೂಸರಾ ಹೈ," ಅಂದ. ಒಂದು ಶಬ್ದವೂ ತಿಳಿಯಲಿಲ್ಲ, ನಮ್ಮ ಬೆಟ್ಟವೇ ಬೇರೆ ಎಂದು. ನನಗೆ ನಾಚಿಕೆಯಾಯಿತು. ತುಳುವರು, ತಮಿಳರು, ಮಲಯಾಳಿಗಳು ಎಂಬ ಭೇದವಿಲ್ಲದೆ ನಮ್ಮನ್ನೆಲ್ಲ ಮದ್ರಾಸಿ ಎಂದು ಕರೆದವರ ಮೇಲೆ ನಿನ್ನ ಅಜ್ಜ ಬದುಕಿರುವವರೆಗೂ ಸಿಡುಕುತ್ತಿದ್ದರು. ಅವರ ಮಗಳು ನಾನು ಮಾಡಿದ್ದೂ ಅದನ್ನೇ. ಆದರೂ ಆ ಹುಡುಗ ಒಳ್ಳೆಯವನು. ಅರ್ಥವಾಗದಿದ್ದರೂ ಈಗಲೂ ಡ್ಯೂಟಿಗೆ ಹೋಗುವ ಮುಂಚೆ ಬಂದು ಸ್ವಲ್ಪ ಹೊತ್ತು ಕೂತು, ಹಾಂ ದಾಜು, ಹಾಂ ದಾಜು ಎಂದು, ದಾಜು ಅಂದರೆ ಅವರಲ್ಲಿ ಅಣ್ಣ, ತಲೆಯಾಡಿಸಿ ಹೋಗುತ್ತಾನೆ. ಆ ಹೊತ್ತಿನಲ್ಲಿ ನಾನು ಸ್ನಾನ ಮಾಡಿ ಬರುತ್ತೇನೆ.

ಹೋದ ತಿಂಗಳು ಕನ್ನಡ ಸಂಘದವರು ಪಪ್ಪನಿಗೆ ಸನ್ಮಾನ ಮಾಡಿದರು. ಬೇಡ ಅಂದೆ, ಕೇಳಲಿಲ್ಲ. ಲಿಫ್ಟ್ ಇಲ್ಲದ ಮೂರನೇ ಮಾಳಿಗೆಯಿಂದ ಸಂಘದ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮದುಮಗನ ಹಾಗೆ ಹೊತ್ತು ಇಳಿಸಿದರು. ಬ್ಯಾನರಿನಲ್ಲಿ ಬಹುಭಾಷಾ ಕವಿ, ಹಿರಿಯ ಪತ್ರಕರ್ತ ಶ್ರೀ ಪಲ್ಜೋರ್ ಎಂದು ದೊಡ್ಡ ಅಕ್ಷರ. ಪೇಟ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ, ಎಲ್ಲ ಆಯಿತು. ನಾಲ್ಕು ಜನ ಭಾಷಣ ಮಾಡಿ ಅವರ ಐದು ಭಾಷೆಗಳನ್ನು ಹೊಗಳಿದರು. ಅಷ್ಟಕ್ಕೇ ಬಿಡಬೇಕಿತ್ತು. ಅಧ್ಯಕ್ಷರು ಮೈಕನ್ನು ಪಪ್ಪನ ಬಾಯಿಗೆ ಹಿಡಿದು ಎರಡು ಮಾತು ಆಡಬೇಕೆಂದರು. ಪಪ್ಪ ಸಭೆಯನ್ನು ಒಮ್ಮೆ ನೋಡಿ ಮಾತಾಡಿದರು, ತುಂಬ ಹೊತ್ತು ಮಾತಾಡಿದರು. ಹಿಂದೆ ಕವಿಗೋಷ್ಠಿಯಲ್ಲಿ ಎಡಗೈ ಎತ್ತಿ ನಿಲ್ಲಿಸುತ್ತಿದ್ದರಲ್ಲ, ಹಾಗೇ ಅಲ್ಲಲ್ಲಿ ನಿಲ್ಲಿಸಿದರು. ಕೊನೆಗೆ ಆ ಸಂಜೆಯ ಮಾತು ಬಂತು, ನನಗೆ ಗುರುತು ಸಿಕ್ಕಿತು. ಹೇಳಿ, ಎಲ್ಲರ ಮುಖ ನೋಡುತ್ತ ಕಾದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಕವಿಗಳ ಅಮೂಲ್ಯ ಸಂದೇಶಕ್ಕೆ ಧನ್ಯವಾದ ಹೇಳಿದರು. ಚಪ್ಪಾಳೆ ಮುಗಿದ ಮೇಲೆ ಅವರ ಮುಖ ಸಣ್ಣದಾಯಿತು ಪ್ರಣೀ. ಇಷ್ಟು ಜನರಲ್ಲಿ ಒಬ್ಬನೂ ಉತ್ತರ ಕೊಡಲಿಲ್ಲ ಎಂಬ ಹಾಗೆ. ನನಗೆ ಅಲ್ಲಿಯೇ ಅಳು ಬಂತು. ಪಕ್ಕದಲ್ಲಿ ಕೂತವರು ಅದನ್ನು ಆನಂದಬಾಷ್ಪ ಅಂದುಕೊಂಡು ನನ್ನ ಬೆನ್ನು ಸವರಿದರು.

ಆ ಶಾಲು ಕಂಡಾಗ ನನಗೆ ನೆನಪಾದದ್ದು ನನ್ನನ್ನು ಕೇಳಲು ಬಂದಾಗ ಪಪ್ಪ ನಿನ್ನ ಅಜ್ಜನ ಕೊರಳಿಗೆ ಹಾಕಿದ ಬಿಳಿ ವಸ್ತ್ರ. ನೀನು ಈ ಕತೆಯನ್ನು ಸಾಕುಸಾಕಾಗುವಷ್ಟು ಕೇಳಿದ್ದೀ, ಆದರೂ ಬರೆಯುತ್ತೇನೆ, ಈ ಮನೆಯಲ್ಲಿ ಈಗ ನನಗೆ ಕತೆ ಹೇಳಲು ಯಾರೂ ಇಲ್ಲ. ಗ್ರಾಂಟ್ ರೋಡಿನ ನಮ್ಮ ಹೋಟೆಲಿಗೆ ಪಪ್ಪ ದಿನವೂ ಊಟಕ್ಕೆ ಬರುತ್ತಿದ್ದ ಕಾಲ. ಪಕ್ಕದ ಲಾಡ್ಜಿನಲ್ಲಿ ಖೋಲಿ, ಪತ್ರಿಕೆಯಲ್ಲಿ ಹೊಸ ಕೆಲಸ. ಗೋಡೆಯ ಬೋರ್ಡಿನಲ್ಲಿ ಅಜ್ಜ ಬರೆಯುತ್ತಿದ್ದ ಇಂದಿನ ವಿಶೇಷ ನೋಡಿ ನೋಡಿಯೇ ಕನ್ನಡ ಅಕ್ಷರ ಕಲಿತರು. ಅವರು ಓದಿದ ಮೊದಲ ಕನ್ನಡ ಸಾಹಿತ್ಯ ಗೋಳಿಬಜೆ. ಹೋಟೆಲಿನ ಹುಡುಗರು ಅವರ ಹೆಸರು ತಿರುಚಿ ಪಂಜುರ್ಲಿ ಎಂದು ಕರೆದು ಅಜ್ಜನ ಕೈಯಲ್ಲಿ ಬೈಸಿಕೊಂಡಿದ್ದರು, ದೈವದ ಹೆಸರಲ್ಲಿ ತಮಾಷೆಯೇ ಎಂದು. ನಾನು ಹಿಂದಿನ ಕೋಣೆಯಲ್ಲಿ ಅಮ್ಮನಿಗೆ ಕಾಯಿ ತುರಿದು ಕೊಡುತ್ತಿದ್ದೆ, ಅವರ ತಟ್ಟೆಗೆ ಚಟ್ನಿ ಜಾಸ್ತಿ ಹೋಗುತ್ತಿತ್ತು. ಅಷ್ಟೇ ನಮ್ಮ ಪ್ರೇಮ, ಹೆಚ್ಚು ಕೇಳಬೇಡ.

ಅವರ ಕಣಿವೆಯಲ್ಲಿ ಹೆಣ್ಣು ಕೇಳುವ ಕ್ರಮ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕೇಳುವವನು ಹೊಸ್ತಿಲ ಹತ್ತಿರ ನಿಂತು ಒಂದೇ ಮಾತನ್ನು ಮೂರು ಸಲ ಹೇಳಬೇಕು. ಮನೆಯವರು ಸುಮ್ಮನಿದ್ದರೆ ಇಲ್ಲವೆಂದು. ಒಪ್ಪಿಗೆಯಿದ್ದರೆ ಅದೇ ಮಾತನ್ನು ತಿರುಗಿ ಹೇಳಬೇಕು. ಮೂರು ಸಲವೂ ತಿರುಗಿ ಹೇಳಿದರೆ ಮುಗಿಯಿತು, ಕೊಟ್ಟ ಮಾತು, ಬೆಟ್ಟ ಕದಲಿದರೂ ಅದು ಕದಲಬಾರದು. ಹೆಣ್ಣು ಕೇಳುವುದಕ್ಕೆ ಮಾತ್ರವಲ್ಲ, ಯಾವ ದೊಡ್ಡ ಬೇಡಿಕೆಗೂ ಹೀಗೇ ಎಂದು ಪಪ್ಪ ಹೇಳುತ್ತಿದ್ದರು. ಈ ಕಡೆ ನಿನ್ನ ಅಜ್ಜ ಚೆನ್ನಯ ಹುಟ್ಟು ಹೋಟೆಲಿಗರು. ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದು ಸಪ್ಲೈಯರ್ ಆದವರು, ಗಿರಾಕಿ ಏನೇ ಹೇಳಲಿ, ಅದನ್ನು ಗಟ್ಟಿಯಾಗಿ ತಿರುಗಿ ಹೇಳುವುದು ನಾಲಿಗೆಗೇ ಅಂಟಿಹೋಗಿತ್ತು. ಮಾಲೀಕರಾಗಿ ಗಲ್ಲಾದಲ್ಲಿ ಕೂತ ಮೇಲೂ ಬಿಡಲಿಲ್ಲ. ಮೂರು ಸಂಜೆ ಪಪ್ಪ ಗಲ್ಲಾದ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದ ಕನ್ನಡದಲ್ಲಿ, "ನಿಮ್ಮ ಮಗಳನ್ನು ನಮ್ಮ ಮನೆಗೆ ಕಳಿಸಿಕೊಡಬೇಕು" ಅಂದರು. ಮೂರು ಸಂಜೆಯೂ ಅಜ್ಜ ಚಿಲ್ಲರೆ ನೋಡುತ್ತ, ತಲೆಯೆತ್ತದೆ, "ನಿಮ್ಮ ಮಗಳನ್ನು ನಮ್ಮ ಮನೆಗೆ ಕಳಿಸಿಕೊಡಬೇಕು, ಮತ್ತೆಂತ?" ಅಂದರು. ನಾಲ್ಕನೇ ಬೆಳಿಗ್ಗೆ ಪಪ್ಪ ಅವರ ಕಡೆ ಹಿರಿಯರಿಗೆ ಗೌರವಕ್ಕೆ ಹಾಕುವ ಬಿಳಿ ವಸ್ತ್ರ ತಂದು ಅಜ್ಜನ ಕೊರಳಿಗೆ ಹಾಕಿ ಕಾಲಿಗೆ ಬಿದ್ದರು. ವಿಷಯ ತಿಳಿದ ಮೇಲೆ ಅಜ್ಜ ಕೂಗಾಡಿದರು, ಅಮ್ಮ ಎರಡು ದಿನ ಊಟ ಬಿಟ್ಟರು. ಕೊನೆಗೆ ಅಜ್ಜನೇ, "ಆರ್ಡರ್ ತಿರುಗಿ ಹೇಳಿದ ಮೇಲೆ ಐಟಂ ಇಲ್ಲ ಅನ್ನುವ ಹೋಟ್ಲು ನಂದಲ್ಲ ಮಾರಾಯ್ತಿ" ಅಂದರು. ಅಜ್ಜ ಅಷ್ಟು ಪೆದ್ದರಾಗಿದ್ದರೇ ಎಂದು ನನಗೆ ಈಗ ಅನುಮಾನ ಬರುತ್ತದೆ. ಒಂದು ಸಲ ತಪ್ಪಿ ಹೇಳಬಹುದು, ಮೂರು ಸಲ ಹೇಗೆ ತಪ್ಪುತ್ತದೆ? ದೂರದ ಬೆಟ್ಟ ನುಣ್ಣಗೆ ಎಂದು ನನಗೆ ಬುದ್ಧಿ ಹೇಳಿದವರೂ ಅವರೇ, ಆ ಬೆಟ್ಟದವನನ್ನು ಮಗನಿಗಿಂತ ಹೆಚ್ಚಾಗಿ ನೋಡಿಕೊಂಡವರೂ ಅವರೇ.

ಈಗ ನಿನ್ನ ಮೇಲಿನ ನನ್ನ ದೂರು. ಪಪ್ಪನ ಸಂಜೆಯ ಮಾತನ್ನು ರೆಕಾರ್ಡ್ ಮಾಡಿ ನಿನಗೆ ಕಳಿಸಿದೆ. ಈ ಮನೆಯವರಲ್ಲಿ ಆ ಭಾಷೆ ಕಲಿತವಳು ನೀನೊಬ್ಬಳೇ, ಅದಕ್ಕೇ ಅಲ್ಲವೇ ಒಂದು ತಿಂಗಳಿಗೆಂದು ಹೋದವಳು ಅಲ್ಲೇ ಟೀಚರಾಗಿ ನಿಂತದ್ದು. ಎರಡು ದಿನ ಬಿಟ್ಟು ನಿನ್ನ ಉತ್ತರ ಬಂತು, "ಸ್ಪಷ್ಟವಿಲ್ಲ ಅಮ್ಮ, ಯಾವುದೋ ಹಳೇ ಹಾಡಿರಬೇಕು" ಎಂದು. ನಿನ್ನ ಪಪ್ಪ ಹಾಡುವವರಲ್ಲ, ಜೋಗುಳ ಕೂಡ ಭಾಷಣದ ಹಾಗೆ ಹೇಳಿದವರು. ನೀನು ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಮಾತು ಮೊಟಕು ಮಾಡುತ್ತೀ. ಯಾಕೆ ಮುಚ್ಚಿಟ್ಟೆ ಎಂಬುದೂ ನನಗೆ ಸ್ವಲ್ಪ ಗೊತ್ತು. ಅದಕ್ಕೆ ಹಿಂದಿನ ವಾರವೇ ನಾನು ಫೋನಿನಲ್ಲಿ ಹೇಳಿದ್ದೆನಲ್ಲ, ಊರು ಎಷ್ಟು ಎತ್ತರ ಎಂದು ಡಾಕ್ಟರರು ಕೇಳಿದರು, ಹೇಳಿದ ಕೂಡಲೇ ಅಲ್ಲಿಗೆ ಕರೆದೊಯ್ಯುವ ಮಾತೇ ಬೇಡ, ಗಾಳಿ ತೆಳು, ಅಪಾಯ ಎಂದು ತಲೆಯಲ್ಲಾಡಿಸಿದರು ಎಂದು. ನಿನಗೆ ಅವರ ಮೇಲಿರುವ ಸಿಟ್ಟೂ ಇದರಲ್ಲಿ ಸೇರಿರಬಹುದು. ಕಾಲು ಗಟ್ಟಿಯಿದ್ದಾಗ ಬರುವ ವರ್ಷ ಹೋಗೋಣ, ಬರುವ ವರ್ಷ ಹೋಗೋಣ ಎಂದು ನಿನ್ನನ್ನು ಬೆಳೆಸಿದರು. ತಮ್ಮ ತಾಯಿ ಸತ್ತಾಗ ಹಿಮ ಬಿದ್ದು ದಾರಿ ಮುಚ್ಚಿ, ಇವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಆ ಹೊಸ್ತಿಲನ್ನು ಹೇಗೆ ದಾಟುವುದು ಎಂಬ ಹೆದರಿಕೆ ಅವರಿಗೆ. ಅದನ್ನು ಅವರು ಐದು ಭಾಷೆಯಲ್ಲೂ ನಿನಗೆ ಹೇಳಲಿಲ್ಲ. ನನಗೆ ಒಂದು ಸಲ ಹೇಳಿದ್ದರು. ಆ ಕಣಿವೆಯ ಟೋಪಿ ಇವತ್ತಿಗೂ ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೆಯೇ ತೂಗುತ್ತಿದೆ. ದೀಪಾವಳಿಗೊಮ್ಮೆ ನಾನು ಧೂಳು ಕೊಡವಿ ಮತ್ತೆ ಅಲ್ಲೇ ತೂಗುಹಾಕುತ್ತೇನೆ. ಮುಂಬಯಿಯ ಸೆಕೆಗೆ ಆಗದು ಎಂದು ಅವರು ಅದನ್ನು ತಲೆಗೆ ಇಟ್ಟವರೇ ಅಲ್ಲ.

ಇನ್ನು ಮನೆಯ ಸುದ್ದಿ. ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾಯಿತು. ದೀಪಾವಳಿ ಮುಗಿದ ಕೂಡಲೇ ಎಲ್ಲರೂ ಖಾಲಿ ಮಾಡಬೇಕು. ಹೊಸದು ಏಳಲು ಮೂರು ವರ್ಷ ಅನ್ನುತ್ತಾರೆ. ಸಂದೀಪ ಠಾಣೆಯಿಂದ ಭಾನುವಾರ ಬಂದಿದ್ದ. ನಿನ್ನ ಅಣ್ಣ ಕೆಟ್ಟವನಲ್ಲ, ಅವನ ಎರಡು ಕೋಣೆಯಲ್ಲಿ ಅತ್ತೆಯ ಮನೆಯವರೂ ಇದ್ದಾರೆ. ಪನ್ವೇಲಿನ ಹತ್ತಿರ ಒಂದು ಆರೈಕೆಯ ಮನೆ ನೋಡಿ ಬಂದಿದ್ದಾನೆ. ನರ್ಸುಗಳಿದ್ದಾರೆ, ಗಾಳಿ ಬೆಳಕಿದೆ, ನಾನು ಅವನ ಮನೆಯಲ್ಲಿದ್ದು ವಾರಕ್ಕೊಮ್ಮೆ ಹೋಗಿ ನೋಡಬಹುದು. "ಅಮ್ಮ, ಥೋಡಾ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು, ನೀನೂ ಬಿದ್ರೆ ನಾನು ಯಾರನ್ನ ನೋಡ್ಲಿ?" ಎಂದ. ಅವನು ಹೇಳುವುದು ಸುಳ್ಳಲ್ಲ. ನಾನು ನಿಜವಾಗಿ ಬೀಳುವ ಹಾಗೆಯೇ ಇದ್ದೇನೆ. ಅಲ್ಲಿ ಎಲ್ಲ ಮರಾಠಿ ನರ್ಸುಗಳು. ಸಂಜೆ ಅವರು ಆ ಮಾತು ಹೇಳಿದರೆ ಯಾರು ಮುಖ ನೋಡುತ್ತಾರೆ ಎಂದು ನಾನು ಕೇಳಿದೆ. ಇಲ್ಲಿ ಮಾತ್ರ ಯಾರಿಗೆ ಅರ್ಥವಾಗುತ್ತದೆ ಅಮ್ಮ ಎಂದ. ಒಂದು ತಿಂಗಳು ಕೊಡು, ಪ್ರಣೀತಾಳನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಅದಕ್ಕೇ ಈ ಕಾಗದ. ಆ ಮಾತಿನ ಅರ್ಥ ಏನು ಎಂದು ನನಗೆ ಬರೆದು ಕಳಿಸು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ನೀನು ಅನ್ನಬಹುದು. ನನಗೆ ಅನುಮಾನವಿದೆ, ಆದರೆ ಅನುಮಾನದ ಮೇಲೆ ಗಂಡನನ್ನು ಎಲ್ಲಿಗೆ ಕಳಿಸುವುದು ಎಂದು ತೀರ್ಮಾನಿಸಲಾರೆ. ಅರ್ಥ ಗೊತ್ತಾದರೆ, ಆಗುವಂಥದ್ದಾದರೆ ಮಾಡೋಣ, ಆಗದಂಥದ್ದಾದರೆ ಪನ್ವೇಲಿಗೆ ಸಹಿ ಹಾಕುತ್ತೇನೆ. ಅವರನ್ನು ಬಿಟ್ಟಿರಲು ನನಗೆ ಮನಸ್ಸಿಲ್ಲ, ಇಟ್ಟುಕೊಳ್ಳಲು ಮೈಯಲ್ಲಿ ತ್ರಾಣವಿಲ್ಲ.

ನಿನಗೂ ನಿನ್ನ ಶಾಲೆಯ ಮಕ್ಕಳಿಗೂ ದೇವರು ಬೆಚ್ಚಗಿನ ಚಳಿಗಾಲ ಕೊಡಲಿ. ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳು. ಉಪ್ಪಿನಕಾಯಿ ಬೇರೆ ಪಾರ್ಸೆಲ್‌ನಲ್ಲಿ ಬರುತ್ತದೆ, ಮಿಡಿಮಾವಿನದು. ಒಬ್ಬಳೇ ತಿನ್ನಬೇಡ.

ನಿನ್ನ ದಣಿದ, ಆದರೆ ನಿನ್ನ ಮೇಲೆ ಸಿಟ್ಟಿಲ್ಲದ
ಅಮ್ಮ
ವಿನೋದಿನಿ

ತಾ.ಕ.: ಶುಕ್ರವಾರ ಬೆಳಿಗ್ಗೆ. ಪೋಸ್ಟ್ ಆಫೀಸಿಗೆ ಹೊರಟವಳು ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಸುಧಾರಿಸಿಕೋ. ನಿನ್ನೆ ಸಂಜೆ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ತಲೆ ಎಲ್ಲೋ ಇತ್ತು. ಪಪ್ಪ ಕೋಣೆಯಿಂದ ಆ ಮಾತು ಹೇಳಿದರು. ತಿಂಗಳುಗಟ್ಟಲೆ ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಗಿತ್ತೋ ಏನೋ, ಅಜ್ಜನ ರಕ್ತ, ಕಾವಲಿಯಿಂದ ಕಣ್ಣು ತೆಗೆಯದೆ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿಬಿಟ್ಟೆ. ಅವರು ಮತ್ತೆ ಹೇಳಿದರು, ಈ ಸಲ ನಿಧಾನವಾಗಿ. ಏನಾಯಿತೆಂದು ನೋಡಲು ಬಾಗಿಲಿಗೆ ಬಂದು ಮತ್ತೆ ತಿರುಗಿ ಹೇಳಿದೆ. ಮೂರನೆಯ ಸಲ ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು. ಆಗ ನನಗೆ ಗಲ್ಲಾದ ಮುಂದಿನ ಮೂರು ಸಂಜೆ ನೆನಪಾಯಿತು ಪ್ರಣೀ. ಸುಮ್ಮನೆ ನಿಂತಿದ್ದರೆ ಅದು ಇಲ್ಲವೆಂದಾಗುತ್ತಿತ್ತು. ನಾನು ಸುಮ್ಮನೆ ನಿಲ್ಲಲಿಲ್ಲ. ಮೂರನೆಯ ಸಲ, ಇದು ಕೊಟ್ಟ ಮಾತಾಗುತ್ತದೆ ಎಂದು ತಿಳಿದೇ ಹೇಳಿದೆ, ಒಂದೊಂದು ಶಬ್ದವನ್ನೂ ಬಿಡಿಸಿ. ಅವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು ಹಾಗೇ ನಿದ್ದೆಹೋದರು, ರಾತ್ರಿಯೆಲ್ಲ ಒಂದು ಸಲವೂ ಏಳಲಿಲ್ಲ. ಇವತ್ತು ಬೆಳಿಗ್ಗೆ ನಾನು ನೀರು ತುಂಬಿಸಿ ಬಂದು ನೋಡಿದರೆ ಹಾಸಿಗೆ ಖಾಲಿ. ಮಾರ್ಚಿನಿಂದ ನನ್ನ ಹೆಗಲಿಲ್ಲದೆ ಒಂದು ಹೆಜ್ಜೆ ಇಡದವರು ಗೋಡೆ ಹಿಡಿದು ತಾವೇ ಬಾಗಿಲವರೆಗೆ ಬಂದು, ಕುರ್ಚಿಯಲ್ಲಿ ಕೂತಿದ್ದಾರೆ. ಮೊಳೆಯಲ್ಲಿದ್ದ ಟೋಪಿ ತಲೆಯ ಮೇಲಿದೆ.

ಅದಕ್ಕೆ ಮೇಲೆ ಕೇಳಿದ್ದನ್ನು ಬಿಡು, ಅರ್ಥ ಬರೆದು ಕಳಿಸಬೇಡ. ಸಂದೀಪನಿಗೂ ಡಾಕ್ಟರರಿಗೂ ನಾನು ಹೇಳಿಕೊಳ್ಳುತ್ತೇನೆ, ದಾರಿಯಲ್ಲಿ ಏನಾದರೂ ಆದರೆ ಅದು ನನ್ನ ಮೇಲಿರಲಿ. ಹಿಮ ಬೀಳುವ ಮುಂಚೆ ನೀನು ಬಂದು ನಮ್ಮಿಬ್ಬರನ್ನೂ ಅವರ ಊರಿಗೆ ಕರೆದುಕೊಂಡು ಹೋಗು. ಬೇಗ ಬಾ. ಹಾಸಿಗೆಗೆ ಬನ್ನಿ ಎಂದರೆ ಬರುತ್ತಿಲ್ಲ, ಬಾಗಿಲ ಹತ್ತಿರವೇ ಕೂತಿದ್ದಾರೆ.